ಕಾಸರಗೋಡಿನ ಕ್ಯಾಸೆಟ್ ಅಂಗಡಿಗಳು ಮುಚ್ಚಿದಾಗ ನಿಜವಾಗಿ ಹೋದದ್ದೇನು?

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ, ಮುಳ್ಳೇರಿಯ. ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಇವುಗಳಲ್ಲಿ ಯಾವ ಪೇಟೆಗೆ ಹೋದರೂ ಬಸ್ಸು ನಿಲ್ಲುವ ಜಾಗದ ಆಸುಪಾಸಿನಲ್ಲಿ ಒಂದು ಕ್ಯಾಸೆಟ್ ಅಂಗಡಿ ಸಿಗುತ್ತಿತ್ತು. ಬೋರ್ಡು ಕಾಣುವ ಮೊದಲೇ ಹಾಡು ಕೇಳುತ್ತಿತ್ತು. ಈಗ ಅಂಥ ಕೋಣೆಗಳಲ್ಲಿ ಮೊಬೈಲ್ ಕವರ್, ಚಾರ್ಜರ್, ಇಯರ್‌ಫೋನ್ ನೇತಾಡುತ್ತಿವೆ. ಯಾಕೆ ಹೀಗಾಯಿತು ಅಂತ ಯಾರನ್ನೇ ಕೇಳಿ, "ಮೊಬೈಲ್ ಬಂತು, ಕ್ಯಾಸೆಟ್ ಹೋಯಿತು" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ಆ ಉತ್ತರ ಅರ್ಧ ಮಾತ್ರ ಸರಿ. ಹಾಡು ಎಲ್ಲೂ ಹೋಗಿಲ್ಲ, ಮೊದಲಿಗಿಂತ ಜಾಸ್ತಿಯೇ ಸಿಗುತ್ತದೆ. ಆದರೆ ನಾವು ಹುಡುಕಿಕೊಂಡು ಹೊರಡದ ಹಾಡು ಕೈಗೆ ಸಿಗಲು ಒಂದು ದಾರಿ ಇತ್ತಲ್ಲ, ಅದು ಮುಚ್ಚಿಹೋಯಿತು. ಒಂದೇ ಬೀದಿಯಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವ ನಮ್ಮಂಥ ಊರಿಗೆ ಆ ದಾರಿ ಬೇರೆ ಊರುಗಳಿಗಿಂತ ಜಾಸ್ತಿ ಬೇಕಿತ್ತು ಎಂದು ನಾನು ನಂಬುತ್ತೇನೆ. ಅದು ಹೇಗೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಭಾರತದಲ್ಲಿ ಧ್ವನಿಮುದ್ರಣದ ವ್ಯಾಪಾರ ಶುರುವಾದದ್ದು 1902ರಲ್ಲಿ. ಆ ವರ್ಷ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದರು. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಹೋದ ಗೌಹರ್ ಜಾನ್ ಇವರೇ. ಆಗಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಅಷ್ಟರಲ್ಲೇ ರಾಗ ಬಿಡಿಸಿ, ಹಾಡಿ, ಕೊನೆಗೆ ಅವರು ಇಂಗ್ಲಿಷಿನಲ್ಲಿ "ನನ್ನ ಹೆಸರು ಗೌಹರ್ ಜಾನ್" ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಮುದ್ರಿಸಿದ ಮೂಲ ತಟ್ಟೆ ಅಚ್ಚಾಗಲು ಜರ್ಮನಿಗೆ ಹೋಗುತ್ತಿತ್ತು. ಲೇಬಲ್ ಅಂಟಿಸುವವರಿಗೆ ಹಾಡಿದವರು ಯಾರು ಅಂತ ತಿಳಿಯಬೇಕಲ್ಲ, ಅದಕ್ಕೆ ಈ ಉಪಾಯ ಎಂದು ಹೇಳುತ್ತಾರೆ. ಹಾಡಿನ ಜೊತೆ ಹಾಡಿದವರ ಹೆಸರೂ ಪ್ರಯಾಣ ಮಾಡಬೇಕು ಎಂಬ ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ.

ಮೂರು ನಿಮಿಷದಲ್ಲಿ ಒಂದು ಕೀರ್ತನೆ ಹಿಡಿಯಬಹುದು, ಒಂದು ಯಕ್ಷಗಾನದ ಪದವನ್ನೂ ಹಿಡಿಯಬಹುದು. ಕೂತಲ್ಲೇ ಹಾಡು, ಮಾತುಗಳಲ್ಲಿ ಯಕ್ಷಗಾನದ ಕತೆ ನಡೆಸುವ ತಾಳಮದ್ದಳೆಯನ್ನು ಹಿಡಿಯಲು ಆಗುವುದಿಲ್ಲ. ನಮ್ಮ ಕಡೆಯ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವರು, ಪೀಠಿಕೆ ಮುಗಿಸಲಿಕ್ಕೇ ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಹಾಗಾಗಿ ಯಕ್ಷಗಾನದ ಹಳೇ ಕವಿ ಪಾರ್ತಿಸುಬ್ಬನ ಹೆಸರು ಹೊತ್ತ ಕುಂಬಳೆ ಸೀಮೆಯಲ್ಲಿ ಯಕ್ಷಗಾನ ಎಷ್ಟೇ ಹಬ್ಬಿದ್ದರೂ ಅದರ ಮಾತಿನ ಭಾಗ ಬಹಳ ಕಾಲ ಯಂತ್ರದೊಳಗೆ ಸರಿಯಾಗಿ ಇಳಿಯಲೇ ಇಲ್ಲ.

1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಿತು. 4 ಮಿಲಿಮೀಟರಿಗಿಂತ ಕಡಿಮೆ ಅಗಲದ ಟೇಪು, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗ. ಸಿ-60 ಎಂಬ ಪೆಟ್ಟಿಗೆಯಲ್ಲಿ 90 ಮೀಟರಿನಷ್ಟು ಟೇಪು ಸುತ್ತಿರುತ್ತಿತ್ತು, ಒಂದೊಂದು ಬದಿಗೆ 30 ನಿಮಿಷ. ಸಿ-90 ಆದರೆ 45 ನಿಮಿಷ. ಧ್ವನಿಯ ಗುಣಮಟ್ಟದಲ್ಲಿ ಅದು ಒಳ್ಳೆಯ ಎಲ್‌ಪಿ ತಟ್ಟೆಗೆ ಸಮ ಅಲ್ಲ. ಆದರೆ ತಟ್ಟೆ ಒತ್ತಲು ಕಾರ್ಖಾನೆ ಬೇಕು, ಕ್ಯಾಸೆಟ್ ತುಂಬಿಸಲು ಒಂದು ಕೋಣೆ ಸಾಕು. ಕೆಲವೇ ನೂರು ಪ್ರತಿ ಮಾಡಿದರೂ ಕೈ ಸುಡುವುದಿಲ್ಲ. ದೊಡ್ಡ ಕಂಪನಿಯ ಲೆಕ್ಕಕ್ಕೆ ಬಾರದ ಭಾಷೆಗಳಿಗೆ, ಕಲೆಗಳಿಗೆ ಬಾಗಿಲು ತೆರೆದದ್ದು ಇದರಿಂದಲೇ. 1980ರಲ್ಲಿ ಯೇಸುದಾಸ್ ತಿರುವನಂತಪುರದಲ್ಲಿ ತರಂಗಿಣಿ ಎಂಬ ಕ್ಯಾಸೆಟ್ ಕಂಪನಿ ಶುರು ಮಾಡಿದರು. 1983ರಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಬಂತು, ಕಡಿಮೆ ಬೆಲೆಗೆ ಕ್ಯಾಸೆಟ್ ಮಾರಿತು. ಬೆಂಗಳೂರಿನಲ್ಲಿ ಸಂಗೀತಾ, ಲಹರಿ ಬೆಳೆದವು.

ಕಾಸರಗೋಡಿಗೆ ಇನ್ನೊಂದು ಅನುಕೂಲ ಇತ್ತು. ಅದು ಗಲ್ಫ್. ದುಬೈಯಿಂದ, ಅಬುಧಾಬಿಯಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಸೆಂಟು, ಟಾರ್ಚು, ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಒಟ್ಟಿಗಿದ್ದ ಟೂ-ಇನ್-ವನ್ ಇರಲೇಬೇಕು. ಬೇರೆ ಕಡೆ ಟೇಪ್ ರೆಕಾರ್ಡರ್ ಶ್ರೀಮಂತರ ವಸ್ತುವಾಗಿದ್ದ ಕಾಲದಲ್ಲೇ ನಮ್ಮ ಕರಾವಳಿಯ ಸಾಧಾರಣ ಮನೆಗಳಿಗೂ ಅದು ಬಂದಿತ್ತು. ಓದು ಬರಹ ಬಾರದ ತಾಯಂದಿರು ಕ್ಯಾಸೆಟ್‌ನಲ್ಲಿ ಮಾತಾಡಿ, ಅದನ್ನೇ ಕಾಗದದ ಹಾಗೆ ಗಲ್ಫಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಮನೆ ಮನೆಯಲ್ಲಿ ಯಂತ್ರ ಇದ್ದ ಮೇಲೆ ಅಂಗಡಿ ಹುಟ್ಟದೇ ಇರುತ್ತದಾ?

ತಾಳಮದ್ದಳೆಗೆ ಕ್ಯಾಸೆಟ್ ಎಷ್ಟು ಹೊಂದಿತು ಎಂದರೆ ಅದಕ್ಕೇ ಮಾಡಿದ ಹಾಗೆ ಇತ್ತು. ವೇಷ ಇಲ್ಲ, ಕುಣಿತ ಇಲ್ಲ, ಇರುವುದೆಲ್ಲ ಭಾಗವತಿಕೆ ಅಂದರೆ ಭಾಗವತರ ಹಾಡುಗಾರಿಕೆ, ಮತ್ತು ಮಾತು. ಎರಡು ಮೂರು ಕ್ಯಾಸೆಟ್‌ಗಳ ಸೆಟ್ ಮಾಡಿದರೆ ಒಂದು ಪ್ರಸಂಗದ ತಿರುಳು ಬರುತ್ತಿತ್ತು. ವಾಲಿ ಎಂದರೆ ಶೇಣಿ, ರಾವಣ ಎಂದರೆ ಶೇಣಿ ಎಂದು ಜನ ಹೇಳುತ್ತಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ಮಾತನ್ನು ಕೂಟದಲ್ಲಿ ಕೂತು ಕೇಳದ ತಲೆಮಾರೂ ಕೇಳಿತು. ಕುಂಬಳೆ ಸುಂದರ ರಾವ್ ಅವರ ಪ್ರಾಸದ ಓಟವನ್ನು ರಿವೈಂಡ್ ಮಾಡಿ ಮಾಡಿ ಬಾಯಿಪಾಠ ಮಾಡಿದ ಹುಡುಗರು ಎಷ್ಟೋ ಜನ. ನಮ್ಮದೇ ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರ ಏರು ಕಂಠಕ್ಕೆ ಸಣ್ಣ ಸ್ಪೀಕರ್ ಒಡೆದ ದನಿ ಕೊಡುತ್ತಿತ್ತು, ಆದರೂ ಕೇಳುತ್ತಿದ್ದೆವು. ಸಂವಾದ ಕಾವೇರಿದ ಹೊತ್ತಿಗೆ ಸರಿಯಾಗಿ 'ಎ' ಬದಿ ಮುಗಿಯುತ್ತಿತ್ತು. ತಿರುಗಿಸಿ ಹಾಕುವಷ್ಟು ಹೊತ್ತಿನಲ್ಲಿ ಮುಂದಿನ ಮಾತು ಏನಿರಬಹುದು ಅಂತ ಮನೆಯಲ್ಲಿ ಚರ್ಚೆಯೇ ಆಗುತ್ತಿತ್ತು.

ಇನ್ನು ಅಂಗಡಿಯ ಒಳಗೆ ಬನ್ನಿ. ಹತ್ತು ಅಡಿ ಅಗಲದ ಕೋಣೆ. ಮೂರು ಗೋಡೆಗೂ ಗಾಜಿನ ಕಪಾಟು. ಕ್ಯಾಸೆಟ್‌ಗಳ ಬೆನ್ನು ಹೊರಗೆ ಕಾಣುವ ಹಾಗೆ ಜೋಡಿಸಿಟ್ಟದ್ದು. ಬೆನ್ನಿನ ಅಗಲ ಒಂದು ಬೆರಳಿನಷ್ಟು, ಅಕ್ಷರ ಸಣ್ಣದು, ಓದಬೇಕಾದರೆ ಕುತ್ತಿಗೆ ವಾಲಿಸಬೇಕು. ಕನ್ನಡ ಚಿತ್ರಗೀತೆ ಮುಗಿದಲ್ಲಿ ಭಾವಗೀತೆ, ಅದರ ಕೆಳಗೆ ತುಳು ಭಜನೆ, ತುಳು ಹಾಸ್ಯ ನಾಟಕ. ಪಕ್ಕದಲ್ಲಿ ಯಕ್ಷಗಾನ. ಯಕ್ಷಗಾನಕ್ಕೆ ತಾಗಿಯೇ ಮಲಬಾರಿನ ಮುಸ್ಲಿಮರ ಹಾಡುಗಳಾದ ಮಾಪ್ಪಿಳಪ್ಪಾಟ್ಟು, ಯಾಕೆಂದರೆ ಆ ಖಾನೆಯಲ್ಲಿ ಇನ್ನೂ ಜಾಗ ಇರುತ್ತಿತ್ತು. ಅಂಗಡಿಯವರು ಭಾಷೆಗಳನ್ನು ಹತ್ತಿರ ತರಬೇಕು ಅಂತ ಲೆಕ್ಕ ಹಾಕಿ ಜೋಡಿಸಿದ್ದಲ್ಲ. ಕೋಣೆ ಸಣ್ಣದು, ಗಿರಾಕಿಗಳು ಎಲ್ಲ ಭಾಷೆಯವರು, ಅಷ್ಟೇ. ಆದರೆ ಅದರಿಂದ ಆದ ಲಾಭ ದೊಡ್ಡದು. ತಾಳಮದ್ದಳೆ ಹುಡುಕುವವನ ಕಣ್ಣು ದಾರಿಯಲ್ಲಿ ಮಲಯಾಳದ ಕತ್ತುಪಾಟ್ಟಿನ ಮೇಲೆ ಬೀಳದೆ ಇರುತ್ತಿರಲಿಲ್ಲ. ಗಲ್ಫಿನಲ್ಲಿರುವ ಗಂಡನಿಗೆ ಹೆಂಡತಿ ಬರೆದ ಕಾಗದದ ರೂಪದ ಹಾಡುಗಳು ಅವು. ನಾನು ಮಾಪ್ಪಿಳಪ್ಪಾಟ್ಟು ಕೇಳಲು ಶುರು ಮಾಡಿದ್ದು ಹೀಗೆಯೇ. ಯಾರೂ ಹೇಳಿದ್ದಲ್ಲ, ಸುಮ್ನೆ ಕೈಗೆ ಬಂತು. ಆ ಹಾಡುಗಳ ಬಗ್ಗೆ ಮೊದಲ ಸಾಲಿನಲ್ಲಿ ನಿಂತು ಬರೆದ ಮಲಯಾಳದ ಕವಿ ಟಿ. ಉಬೈದ್ ನಮ್ಮ ಕಾಸರಗೋಡಿನ ತಳಂಗರೆಯವರೇ ಎಂದು ಗೊತ್ತಾದದ್ದು ಅದರ ಎಷ್ಟೋ ಸಮಯದ ನಂತರ.

ಅಂಗಡಿಯ ಕಪಾಟು ಊರಿನ ಪಂಚಾಂಗದ ಜೊತೆ ಬದಲಾಗುತ್ತಿತ್ತು. ವೃಶ್ಚಿಕ ಮಾಸ ಬಂದರೆ ಅಯ್ಯಪ್ಪನ ಹಾಡು ಎದುರಿಗೆ. ಓಣಂಗೆ ಹೊಸ ಮಲಯಾಳ ಹಾಡುಗಳು. ರಂಜಾನ್ ತಿಂಗಳಿಗೆ ಬೇರೆ, ನವರಾತ್ರಿಗೆ ಬೇರೆ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಆಟ ಇಲ್ಲ, ಹೊರಗೆ ಜಡಿಮಳೆ. ತಾಳಮದ್ದಳೆಯ ಕ್ಯಾಸೆಟ್ ಕೇಳಲು ಅದೇ ಸರಿಯಾದ ಕಾಲ. ಮತ್ತೆ ಅಂಗಡಿಯ ಸ್ಪೀಕರ್ ಬೀದಿಗೆ ಮುಖ ಮಾಡಿರುತ್ತಿತ್ತು. ಬಸ್ಸಿಗೆ ಕಾಯುವವರಿಗೆಲ್ಲ ಅದು ಪುಕ್ಕಟೆ ರೇಡಿಯೋ. ಬ್ಯಾರಿ ಹುಡುಗನಿಗೆ ಭಾಗವತಿಕೆ ಕಿವಿಗೆ ಬೀಳುತ್ತಿತ್ತು, ಭಟ್ಟರ ಮಗಳಿಗೆ ಮಾಪ್ಪಿಳರ ಮದುವೆಯ ಒಪ್ಪನ ಹಾಡು.

ಒಂದು ಕ್ಯಾಸೆಟ್ ಕೈಗೆ ತೆಗೆದುಕೊಂಡರೆ ಒಳಗೆ ಮಡಚಿಟ್ಟ ಕಾರ್ಡು. ತಾಳಮದ್ದಳೆಯ ಕಾರ್ಡಿನಲ್ಲಿ ಮೇಲೆ ಪ್ರಸಂಗದ ಹೆಸರು. ಕೆಳಗೆ ಹಿಮ್ಮೇಳ: ಭಾಗವತರು ಯಾರು, ಚೆಂಡೆ ಯಾರು, ಮದ್ದಳೆ ಯಾರು, ಚಕ್ರತಾಳ ಯಾರು. ಆಮೇಲೆ ಅರ್ಥಧಾರಿಗಳು, ಪ್ರತಿಯೊಬ್ಬರ ಎದುರಿಗೆ ಪಾತ್ರ. ಇದು ಎಷ್ಟನೇ ಭಾಗ ಎಂಬುದು ಮೂಲೆಯಲ್ಲಿ. ಹಾಡು ಕೇಳುವ ಮೊದಲೇ ಇಷ್ಟನ್ನು ಓದಿರುತ್ತಿದ್ದೆವು. ಮದ್ದಳೆಗಾರನ ಹೆಸರು ಗಮನಿಸಿ, ಅವರದ್ದೇ ಇನ್ನೊಂದು ಕ್ಯಾಸೆಟ್ ಇದೆಯಾ ಎಂದು ಕೇಳುವ ಗಿರಾಕಿಗಳಿದ್ದರು. ಅಂಗಡಿಯವರು ಕೌಂಟರಿನ ಡೆಕ್ಕಿಗೆ ಹಾಕಿ ಎರಡು ನಿಮಿಷ ಕೇಳಿಸುತ್ತಿದ್ದರು, ಬೇಡವಾದರೆ ವಾಪಸ್ ಇಡುತ್ತಿದ್ದರು. ಬೇಕಾದ ಹಾಡುಗಳ ಪಟ್ಟಿ ಬರೆದು ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ಒಂದೊಂದಾಗಿ ತುಂಬಿಸಿ ಕೊಡುವುದೂ ಇತ್ತು. ಕಾಪಿರೈಟ್ ಕಾನೂನಿನ ಪ್ರಕಾರ ಅದು ತಪ್ಪು. ಆದರೆ ಊರೂರಲ್ಲಿ ನಡೆಯುತ್ತಿತ್ತು.

ಇಷ್ಟೆಲ್ಲ ಇದ್ದ ಅಂಗಡಿ ಬಿದ್ದದ್ದು ಹೇಗೆ? ಇಲ್ಲಿ ವ್ಯಾಪಾರದ ಒಂದು ಸರಳ ಲೆಕ್ಕ ಇದೆ. ತಾಳಮದ್ದಳೆ, ತುಳು ಭಜನೆ, ಕೊಂಕಣಿ ಹಾಡು ನಿಧಾನಕ್ಕೆ ಮಾರುವ ಮಾಲು. ತಂದಿಟ್ಟರೆ ಆರು ತಿಂಗಳು ಕೂರುತ್ತದೆ. ಅಂಗಡಿಯ ಬಾಡಿಗೆ, ಕರೆಂಟು ಬಿಲ್ಲು ಹುಟ್ಟುತ್ತಿದ್ದದ್ದು ಹೊಸ ಸಿನಿಮಾ ಹಾಡುಗಳಿಂದ. ಸಿನಿಮಾ ಹಾಡು ದುಡಿಯುತ್ತಿತ್ತು, ಉಳಿದದ್ದು ಆ ದುಡಿಮೆಯ ನೆರಳಿನಲ್ಲಿ ಕಪಾಟಿನಲ್ಲಿ ಇರುತ್ತಿತ್ತು. ದೊಡ್ಡ ಸರಣಿ ಅಂಗಡಿಯಾದರೆ ಎಲ್ಲೋ ಕೂತವರು ಮಾರದ ಮಾಲನ್ನು ತೆಗೆಸುತ್ತಿದ್ದರು. ಇಲ್ಲಿ ಅಂಗಡಿ ಒಬ್ಬರದೇ, ತೀರ್ಮಾನವೂ ಅವರದೇ. ಅವರಿಗೆ ಶೇಣಿಯವರ ಮಾತು ಇಷ್ಟ ಎಂದರೆ ಆ ಸೆಟ್ ಕಪಾಟಿನಲ್ಲಿ ಇದ್ದೇ ಇರುತ್ತಿತ್ತು.

ಹೊಸ ತಂತ್ರಜ್ಞಾನ ಮೊದಲು ಹೊಡೆದದ್ದು ಈ ಸಿನಿಮಾ ಹಾಡಿನ ಮೇಲೆ. 1982ರಲ್ಲೇ ಬಂದ ಸಿಡಿ ನಮ್ಮ ಪೇಟೆಗಳಿಗೆ ದೊಡ್ಡ ತೊಂದರೆ ಮಾಡಲಿಲ್ಲ, ಅದನ್ನೂ ಅದೇ ಕಪಾಟಿನಲ್ಲಿ ಇಟ್ಟು ಮಾರಿದರು. ಪೆಟ್ಟು ಕೊಟ್ಟದ್ದು ಎಂಪಿ3. ಈ ವಿಧಾನ ಮನುಷ್ಯನ ಕಿವಿಗೆ ಹೆಚ್ಚು ತಿಳಿಯದ ಭಾಗಗಳನ್ನು ಬಿಟ್ಟು ಹಾಡನ್ನು ಹತ್ತನೇ ಒಂದು ಭಾಗದಷ್ಟು ಗಾತ್ರಕ್ಕೆ ಇಳಿಸುತ್ತದೆ. ಒಂದು ನಿಮಿಷದ ಹಾಡಿಗೆ ಸುಮಾರು 1 ಎಂಬಿ ಸಾಕು. 700 ಎಂಬಿಯ ಒಂದು ಸಿಡಿಯಲ್ಲಿ ಹನ್ನೆರಡು ಗಂಟೆಯಷ್ಟು ಹಾಡು. ಅಂದರೆ ಒಂದು ಡಜನ್ ಸಿ-60 ಕ್ಯಾಸೆಟ್ ಒಂದೇ ತಟ್ಟೆಯಲ್ಲಿ. ಬೀದಿ ಬದಿಯಲ್ಲಿ ಕಳ್ಳ ಪ್ರತಿ ಇನ್ನೂ ಅಗ್ಗ. ಅದರ ಹಿಂದೆಯೇ ಮೆಮೊರಿ ಕಾರ್ಡ್ ಬಂತು. ಉಗುರಿನಷ್ಟು ದೊಡ್ಡ 2 ಜಿಬಿ ಕಾರ್ಡಿನಲ್ಲಿ ಸುಮಾರು ಐನೂರು ಸಿನಿಮಾ ಹಾಡು. ಕ್ಯಾಸೆಟ್ ಅಂಗಡಿಗಳಲ್ಲೇ ಕಂಪ್ಯೂಟರ್ ಇಟ್ಟು ಕಾರ್ಡಿಗೆ ಹಾಡು ತುಂಬಿಸಿ ಕೊಡುವ ಕೆಲಸ ಶುರುವಾಯಿತು. ಜೊತೆಗೆ ರೀಚಾರ್ಜು. ಗಿರಾಕಿ ಈಗ ಕಪಾಟಿನ ಕಡೆ ನೋಡುವುದಿಲ್ಲ, "ಹೊಸತು ಎಲ್ಲ ಹಾಕಿ" ಎಂದು ಕಾರ್ಡು ಕೊಟ್ಟು ಚಾ ಕುಡಿಯಲು ಹೋಗುತ್ತಾನೆ. ಹುಡುಕಾಟ ನಿಂತದ್ದು ಆ ಹೊತ್ತಿನಲ್ಲಿ, ಆ್ಯಪ್‌ಗಳು ಬರುವುದಕ್ಕೂ ಮೊದಲೇ.

ಸಿನಿಮಾ ಹಾಡಿನ ಸಂಪಾದನೆ ನಿಂತ ಮೇಲೆ ನಿಧಾನದ ಮಾಲಿಗೆ ಬಾಡಿಗೆ ಕಟ್ಟುವವರು ಇಲ್ಲ. ತಾಳಮದ್ದಳೆ ಕೇಳುವವರು ಕಡಿಮೆಯಾಗಿರಲಿಲ್ಲ, ಆದರೂ ಅದು ಕಪಾಟಿನಿಂದ ಇಳಿಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದಾಗ ಕಾರ್ಡು ತುಂಬಿಸುವ ಕೆಲಸವೂ ಹೋಯಿತು. ಕೊನೆಗೆ ಹೆದ್ದಾರಿ 66 ಅಗಲವಾಗುವಾಗ ಪೇಟೆಗಳ ಎಷ್ಟೋ ಹಳೇ ಕಟ್ಟಡಗಳೇ ಹೋದವು.

ಈಗ ಒಂದು ಹಾಡಿನ ಆ್ಯಪ್ ತೆರೆಯಿರಿ. ನಮ್ಮ ದೇಶದ ಆ್ಯಪ್‌ಗಳು ಶುರುವಿನಲ್ಲೇ ಕೇಳುವ ಪ್ರಶ್ನೆ, ನಿಮಗೆ ಯಾವ ಭಾಷೆಯ ಹಾಡು ಬೇಕು ಎಂದು. ಕಾಸರಗೋಡಿನ ಕನ್ನಡಿಗ ಕನ್ನಡ ಒತ್ತುತ್ತಾನೆ. ಹಿಂದಿಯನ್ನೂ ಒತ್ತಬಹುದು. ಅಲ್ಲಿಗೆ ಮಲಯಾಳದ ಖಾನೆ ಅವನ ಕಣ್ಣಿಂದ ಮರೆಯಾಗುತ್ತದೆ. ಆಮೇಲೆ ಶಿಫಾರಸಿನ ಲೆಕ್ಕ ಶುರು. ಅದು ಕೆಲಸ ಮಾಡುವ ರೀತಿ ಮುಖ್ಯವಾಗಿ ಇದು: ನೀವು ಕೇಳಿದ್ದನ್ನೇ ಕೇಳಿದ ಸಾವಿರಾರು ಜನರನ್ನು ಹುಡುಕುತ್ತದೆ, ಅವರು ಕೇಳಿ ನೀವು ಇನ್ನೂ ಕೇಳದ್ದನ್ನು ನಿಮ್ಮ ಮುಂದೆ ಇಡುತ್ತದೆ. ಬುದ್ಧಿವಂತ ವಿಧಾನ, ಒಪ್ಪಬೇಕು. ಆದರೆ ಅದು ನಿಮ್ಮಂಥವರ ಕಡೆಯಿಂದಲೇ ತರುತ್ತದೆ. ನಿಮ್ಮ ಪಕ್ಕದ ಮನೆಯಲ್ಲಿದ್ದೂ ನಿಮ್ಮಂತಲ್ಲದವರು ಏನು ಕೇಳುತ್ತಾರೆ ಎಂಬುದು ಅದಕ್ಕೆ ಮುಖ್ಯವಲ್ಲ. ಜಾಸ್ತಿ ಜನ ಕೇಳಿದ ಹಾಡಿನ ಬಗ್ಗೆ ಅದಕ್ಕೆ ಜಾಸ್ತಿ ಮಾಹಿತಿ, ಹಾಗಾಗಿ ಅದು ಇನ್ನೂ ಜಾಸ್ತಿ ಜನರಿಗೆ ಹೋಗುತ್ತದೆ. ಕೆಲವೇ ನೂರು ಜನ ಕೇಳಿದ ಬ್ಯಾರಿ ಹಾಡು ಯಾರ ಎದುರಿಗೂ ತಾನಾಗಿ ಬರುವುದಿಲ್ಲ.

ದುಡ್ಡಿನ ಲೆಕ್ಕವೂ ನಮ್ಮ ಕಲೆಗೆ ಹೊಂದುವುದಿಲ್ಲ. ಸ್ಪಾಟಿಫೈ ಎಂಬ ಹಾಡಿನ ಆ್ಯಪ್‌ನಲ್ಲಿ 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಮೂರು ನಿಮಿಷದ ಸಿನಿಮಾ ಹಾಡಿಗೂ ಒಂದೇ ಲೆಕ್ಕ, ಮೂರು ಗಂಟೆಯ ತಾಳಮದ್ದಳೆಯನ್ನು ಒಂದೇ ಕಡತವಾಗಿ ಹಾಕಿದರೆ ಅದಕ್ಕೂ ಒಂದೇ. 2024ರಿಂದ ವರ್ಷಕ್ಕೆ 1000 ಸಲವಾದರೂ ಕೇಳದ ಹಾಡಿಗೆ ಅಲ್ಲಿ ರಾಯಲ್ಟಿ ಇಲ್ಲ. ಸಣ್ಣ ಭಾಷೆಯ ಭಜನೆ ತಂಡಕ್ಕೆ ಕ್ಯಾಸೆಟ್ ಮಾರಿ ಬರುತ್ತಿದ್ದ ನಾಲ್ಕು ಕಾಸೂ ಈಗ ಬರುವುದು ಕಷ್ಟ.

ಯಕ್ಷಗಾನದ ಮಟ್ಟಿಗೆ ಯೂಟ್ಯೂಬ್ ದೊಡ್ಡ ಉಪಕಾರ ಮಾಡಿದೆ. ಇಡೀ ರಾತ್ರಿಯ ಆಟ ಮನೆಯಲ್ಲಿ ಕೂತು ನೋಡಬಹುದು, ಮೂವತ್ತು ನಿಮಿಷಕ್ಕೆ ಬದಿ ತಿರುಗಿಸುವ ಕೆಲಸ ಇಲ್ಲ. ಆದರೆ ಹಳೇ ಕ್ಯಾಸೆಟ್‌ಗಳಿಂದ ಏರಿಸಿದ ಧ್ವನಿಗಳನ್ನು ನೋಡಿ. ಶೀರ್ಷಿಕೆಯಲ್ಲಿ ಒಬ್ಬ ದೊಡ್ಡ ಅರ್ಥಧಾರಿಯ ಹೆಸರು, ಅಬ್ಬಬ್ಬಾ ಎನ್ನುವ ಒಂದು ವಿಶೇಷಣ, ಮುಗಿಯಿತು. ಎದುರು ಅರ್ಥ ಹೇಳಿದವರು ಯಾರು? ಮದ್ದಳೆ ಯಾರದು? ಯಾವ ವರ್ಷ? ವಾಟ್ಸಾಪ್ ಗುಂಪುಗಳಲ್ಲಿ ಹಿರಿಯರು ದನಿ ಕೇಳಿ ಊಹಿಸಿ ಹೇಳುತ್ತಾರೆ. ಅವರ ನಂತರ ಹೇಳುವವರು ಯಾರು? ಗೌಹರ್ ಜಾನ್ 1902ರಲ್ಲಿ ಹಾಡಿನ ಕೊನೆಗೆ ತನ್ನ ಹೆಸರು ಸೇರಿಸಿದ್ದಕ್ಕೆ ಇಂದಿಗೂ ಆ ದನಿ ಯಾರದು ಎಂಬ ಅನುಮಾನ ಇಲ್ಲ. ನಮ್ಮ ಕ್ಯಾಸೆಟ್‌ಗಳಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಒಂದು ಕಾಗದದ ತುಂಡು. ಧ್ವನಿಯನ್ನು ಉಳಿಸಿಕೊಂಡೆವು, ಕಾಗದವನ್ನು ಎಸೆದೆವು. ಈ ಇಡೀ ಕತೆಯಲ್ಲಿ ನನಗೆ ಜಾಸ್ತಿ ಸಂಕಟ ಆಗುವುದು ಇದಕ್ಕೆ.

ಹೊರಗಿನ ಲೋಕದಲ್ಲಿ ರೆಕಾರ್ಡ್ ಅಂಗಡಿಗಳ ಕತೆ ಬೇರೆ ತಿರುವು ಪಡೆಯಿತು. ಅಮೆರಿಕದ ಟವರ್ ರೆಕಾರ್ಡ್ಸ್ 2006ರಲ್ಲಿ ಬಾಗಿಲು ಹಾಕಿತು. 1948ರಲ್ಲಿ ಶುರುವಾದ ಮುಂಬಯಿಯ ರಿದಮ್ ಹೌಸ್ 2016ರಲ್ಲಿ ಮುಚ್ಚಿತು. ಆದರೆ ಅಮೆರಿಕದ ಸಣ್ಣ ಅಂಗಡಿಗಳು ಒಟ್ಟಾಗಿ 2008ರಲ್ಲಿ ರೆಕಾರ್ಡ್ ಸ್ಟೋರ್ ಡೇ ಶುರು ಮಾಡಿದವು. ವರ್ಷಕ್ಕೊಮ್ಮೆ ಆ ದಿನಕ್ಕೆಂದೇ ಒತ್ತಿದ ತಟ್ಟೆಗಳು ಸ್ವತಂತ್ರ ಅಂಗಡಿಗಳಲ್ಲಿ ಮಾತ್ರ ಸಿಗುತ್ತವೆ. ಜನ ತಟ್ಟೆಗೆ ಮರಳಿದರು. 2020ರಲ್ಲಿ ಅಲ್ಲಿ ಎಲ್‌ಪಿಗಳ ವಹಿವಾಟು 1986ರ ನಂತರ ಮೊದಲ ಸಲ ಸಿಡಿಯನ್ನು ಮೀರಿತು. ನಮ್ಮಲ್ಲಿ ಆ ಮರಳುವಿಕೆ ನಡೆಯುವುದು ಕಷ್ಟ. ಯಾಕೆಂದರೆ ತಾಳಮದ್ದಳೆ, ತುಳು ನಾಟಕ, ಕತ್ತುಪಾಟ್ಟು ಬಹುಪಾಲು ಇರುವುದು ಟೇಪಿನಲ್ಲಿ. ತಟ್ಟೆಯ ಗೀರಿನಲ್ಲಿ ಕೊರೆದ ಧ್ವನಿ ನೂರು ವರ್ಷ ಉಳಿದೀತು. ಟೇಪಿನಲ್ಲಿ ಇರುವುದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಹಚ್ಚಿದ ಕಬ್ಬಿಣದ ಆಕ್ಸೈಡ್ ಪುಡಿ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಸೀಮೆಯಲ್ಲಿ ಅದಕ್ಕೆ ಬೂಸ್ಟು ಹಿಡಿಯುತ್ತದೆ. ಸುರುಳಿಯಲ್ಲಿ ಬಹುಕಾಲ ಕದಲದೆ ಕೂತರೆ ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೆ ಅಂಟಿ, ಮಾತಿನ ಮೊದಲೇ ಅದರ ಸಣ್ಣ ನೆರಳು ಕೇಳುತ್ತದೆ.

ಹಾಗಾಗಿ ಅಟ್ಟದಲ್ಲಿ ಕ್ಯಾಸೆಟ್ ಇರುವವರು ತಡ ಮಾಡಬೇಡಿ. ಬೂಸ್ಟು ಹಿಡಿದದ್ದನ್ನು ನೇರ ಯಂತ್ರಕ್ಕೆ ಹಾಕಬೇಡಿ, ಬೇರೆ ಇಡಿ, ಅದನ್ನು ಶುಚಿ ಮಾಡಲು ಗೊತ್ತಿದ್ದವರು ಬೇಕು. ಉಳಿದದ್ದನ್ನು ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ. ಮೇಲಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಆಮೇಲೆ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಯುವುದಿಲ್ಲ. ಪ್ಲೇಯರಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಇಯರ್‌ಫೋನಿನ ತೂತಿನಿಂದ ಒಂದು ಕೇಬಲ್ ಎಳೆದು ಕಂಪ್ಯೂಟರಿಗೆ ಕೊಟ್ಟರೆ ಅಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರ್ ಸಾಕು. ಮೊದಲು ಧ್ವನಿಯ ಯಾವ ಭಾಗವನ್ನೂ ಬಿಡದ ಡಬ್ಲ್ಯೂಎವಿ (WAV) ರೂಪದಲ್ಲಿ ಉಳಿಸಿ, ಎಂಪಿ3 ಆಮೇಲೆ ಮಾಡಿಕೊಳ್ಳಬಹುದು. ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ಧ್ವನಿಯ ಕಡತಕ್ಕೆ ಕೊಟ್ಟ ಹೆಸರನ್ನೇ ಅದಕ್ಕೂ ಕೊಡಿ. ಕಾರ್ಡು ಹರಿದುಹೋಗಿದ್ದರೆ ಮನೆಯ ಹಿರಿಯರನ್ನು ಕೂರಿಸಿ ಕೇಳಿಸಿ, ಅವರು ಗುರುತಿಸಿದ ಹೆಸರುಗಳನ್ನು ಬರೆದಿಡಿ. ರಾಶಿಯಲ್ಲಿ ಮಲಯಾಳ ಬರಹದ ಕ್ಯಾಸೆಟ್ಟೂ ಬರುತ್ತದೆ, ನಮ್ಮ ಮನೆಗಳಲ್ಲಿ ಬಾರದೆ ಇರುವುದಿಲ್ಲ. ಓದಲು ತಿಳಿಯದಿದ್ದರೆ ಬದಿಗೆ ಹಾಕಬೇಡಿ, ಪಕ್ಕದ ಮನೆಯವರನ್ನು ಕರೆದು ಓದಿಸಿ. ಅವರ ಅಟ್ಟದಲ್ಲೂ ನಿಮ್ಮಿಂದ ಓದಿಸಬೇಕಾದ ನಾಲ್ಕು ಕ್ಯಾಸೆಟ್ ಇದ್ದೀತು.